ಒಂದು ಗೇಣು ಕೆಂಪು

ವಾಡಿ
೫ ಜುಲೈ ೧೯೬೫

ಅಣ್ಣಾ,

ಕ್ಷೇಮದ ಮಾತನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನೀನು ಅಷ್ಟನ್ನೇ ಓದಿ ಕಾಗದವನ್ನು ಉಳಿ ಒರೆಸಲಿಕ್ಕೆ ತೆಗೆದುಕೊಳ್ಳುತ್ತೀ. ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ಇವರ ಶಾಲೆಯಲ್ಲಿ ಹುಡುಗರಿಗೆ ಎನ್.ಸಿ.ಸಿ. ಕವಾಯತು ಶುರುವಾಗಿದೆ. ಕಲಿಸುವವರು ಇವರೇ. ಸರಕಾರದಿಂದ ಖಾಕಿ ಬಟ್ಟೆ ಬಂತು, ಬೆಲ್ಟು ಬಂತು, ಬಂದೂಕು ಮಾತ್ರ ಬರಲಿಲ್ಲ. ಹುಡುಗರು ಬಿದಿರು ಕೋಲನ್ನು ಹೆಗಲಿಗೆ ಇಟ್ಟುಕೊಂಡು ನಡೆದರೆ ದನ ಕಾಯಲು ಹೊರಟ ಹಾಗೆ ಕಾಣುತ್ತದೆ. ಊರವರು ನಗುತ್ತಾರೆ, ಇವರಿಗೆ ಮುಖ ಎತ್ತಲಿಕ್ಕಾಗುವುದಿಲ್ಲ. "ನಿಮ್ಮ ಅಣ್ಣಗ ಬರೀ, ಕಟಗೀವು ಹತ್ತು ಬಂದೂಕು ಮಾಡಿ ಕೊಡ್ಲಿ" ಅಂದರು. ನಮ್ಮಲ್ಲಿದ್ದು ಓದುವ ನಿನ್ನ ಮಗ ಅಂಬಾರಾಯನೇ ಮುಂದಿನ ಸಾಲಿನವನು. ಒಲ್ಲೆ ಅನ್ನುವ ಹಾಗಿಲ್ಲ.

ಒಂದು ಷರತ್ತಿದೆ. ಇಲ್ಲಿಯ ಪೊಲೀಸ್ ಜಮಾದಾರ ಅಬ್ದುಲ್ ಗನಿ ಸಾಹೇಬರು ಮನೆಗೆ ಬಂದು ಇವರಿಗೆ ಹೇಳಿ ಹೋದರು: "ಮಾಸ್ತರ, ಇದು ಜಂಕ್ಷನ್ ಅದ. ದೂರಿಂದ ನೋಡಿದವ್ರಿಗಿ ಖರೇ ಯಾವ್ದು, ಸುಳ್ಳ ಯಾವ್ದು ತಿಳೀಬೇಕು ನೋಡ್ರಿ. ಮೂತಿಗಿ ಒಂದು ಗೇಣು ಕೆಂಪ ಹಚ್ಚಸ್ರಿ." ಇವರು ಹಾಗೆಯೇ ಬರೆದು ಸಹಿ ಮಾಡಿ ಕೊಟ್ಟಿದ್ದಾರೆ. ರೈಲ್ವೆ ಗ್ಯಾಂಗ್‌ಮನ್ ಮಶಾಕನ ಕೈಯಲ್ಲಿ ಕೆಂಪು ಎಣ್ಣೆಬಣ್ಣದ ಡಬ್ಬಿ ಕಳಿಸಿದ್ದೇನೆ. ಅದನ್ನೇ ಹಚ್ಚು. ನಿನ್ನ ಜಾಜು ಬೇಡ. ಅಪ್ಪ ಹಲಗೆಗೆ ಗೆರೆ ಹಾಕಲು ನೂಲನ್ನು ಜಾಜಿನಲ್ಲಿ ಅದ್ದಿ ಚಟ್ಟನೆ ಬಿಟ್ಟಾಗ ನನ್ನ ಲಂಗವೆಲ್ಲ ಕೆಂಪಾಗುತ್ತಿತ್ತು, ಅವ್ವ ಒಂದು ಚೊಂಬು ನೀರಿನಲ್ಲಿ ತೊಳೆದುಬಿಡುತ್ತಿದ್ದಳು, ನೆನಪಿದೆಯಲ್ಲ? ಆ ಕೆಮ್ಮಣ್ಣು ಒಂದು ಮಳೆಗೂ ನಿಲ್ಲುವುದಿಲ್ಲ.

ನಾವೆಲ್ಲ ಕ್ಷೇಮ. ಅಂಬಾರಾಯ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ, ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆ. ಪಂಚಮಿಗೆ ತವರಿಗೆ ಬರುತ್ತೇನೆ. ಅಮೃತಮ್ಮ ವೈನಿಗೆ ಶೇಂಗಾ ಉಂಡಿ ಕಟ್ಟಿಡಲು ಹೇಳು.

ನಿನ್ನ ತಂಗಿ
ದ್ರೌಪದಿ


ಚಿಂಚೋಳಿ
೨೨ ಆಗಸ್ಟ್ ೧೯೬೫

ದ್ರೌಪದಿ,

ನೀನು ಪಂಚಮಿ ಮುಗಿಸಿ ಹೋದ ಮರುದಿನದಿಂದ ಇದೇ ಕೆಲಸ. ಹತ್ತೂ ಬಂದೂಕು ಗೋಣಿಯಲ್ಲಿ ಕಟ್ಟಿ ಸೇಡಮಿನ ಲಾರಿಗೆ ಹಾಕಿದ್ದೇನೆ. ಬಿಚ್ಚುವಾಗ ಕತ್ತಿ ಆಡಿಸಬೇಡ, ಗಂಟು ಬಿಚ್ಚು.

ಮಾಸ್ತರರು ಕೇಳಿದ್ದು ಕಟ್ಟಿಗೆಯ ಬಂದೂಕು, ಆಟಿಕೆಯನ್ನಲ್ಲ ಎಂದು ನಾನು ತಿಳಿದುಕೊಂಡೆ. ನಿಜಾಮನ ಕಾಲದಲ್ಲಿ ಜಾಗೀರದಾರರ ಬಂದೂಕಿಗೆ ಹಿಡಿ ಕೂಡಿಸಿದ ಕೈ ಇದು. ಹಿಡಿಗೆ ಹಳೆಯ ತೇಗ, ನಳಿಗೆಗೆ ಮತ್ತಿ. ನಳಿಗೆಗೆ ದೀಪದ ಕಾಡಿಗೆ ಅರೆದು ಎಣ್ಣೆ ಬೆರೆಸಿ ನಾಲ್ಕು ಸಲ ತಿಕ್ಕಿದ್ದೇನೆ. ಬಂಡಿಯ ಹಳೆಯ ಕಬ್ಬಿಣದಿಂದ ಕುದುರೆ ಮಾಡಿದ್ದೇನೆ, ಎಳೆದರೆ ಟಕ್ ಅನ್ನುತ್ತದೆ. ಇಲ್ಲಿಯ ಫಾರೆಸ್ಟ್ ಗಾರ್ಡ್ ಅಂಗಡಿಗೆ ಬಂದವನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಲೈಸನ್ಸ್ ಅದ ಏನೋ ಹಣಮಪ್ಪ?" ಅಂದ. ನನಗೆ ಮೂರು ದಿನ ಊಟ ರುಚಿಸಿತು.

ಮೂತಿಗೆ ಕೆಂಪು ಹಚ್ಚಿದ್ದೇನೆ. ಗೇಣಿಗೆ ಒಂದು ಎಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಂಥ ಕೆಲಸದ ಮೇಲೆ ಕೆಂಪು ಬಳಿಯುವಾಗ ಹೊಟ್ಟೆ ಉರಿಯಿತು, ಆದರೆ ಹಚ್ಚಿದ್ದೇನೆ.

ಅಂಬಾರಾಯನಿಗೆ ಮೂರನೆಯದನ್ನು ಕೊಡು. ಹಿಡಿಯ ಒಳಗೆ ಅವನ ಹೆಸರಿನ ಮೊದಲ ಅಕ್ಷರ ಕೊರೆದಿದ್ದೇನೆ. ಅವನ ಅವ್ವನಿಗೆ, ನಿನ್ನ ವೈನಿಗೆ, ಅದನ್ನು ತೋರಿಸಿದಾಗ, "ಕಲಿಲಿಕ್ಕ ಕಳಿಸಿದ್ರ ಸಿಪಾಯಿ ಮಾಡ್ಲಿಕತ್ತೀರಿ" ಎಂದು ಬೈದಳು. ಬೈಯುತ್ತಲೇ ಸೆರಗಿನಿಂದ ಒರೆಸಿದಳು.

ಹಣಮಪ್ಪ


ವಾಡಿ
೧೦ ಸೆಪ್ಟೆಂಬರ್ ೧೯೬೫

ಅಣ್ಣಾ,

ನಿನ್ನ ಬಂದೂಕು ಬಂದ ದಿನ ಓಣಿಯೆಲ್ಲ ನಮ್ಮ ಮನೆಯಲ್ಲೇ ಇತ್ತು. ಕರಿ ನಳಿಗೆ, ಕೆಂಪು ಮೂತಿ, ಥೇಟ್ ಗಿಣಿಯ ಕೊಕ್ಕು. ಸಾಲಾಗಿ ಗೋಡೆಗೆ ಒರಗಿಸಿಟ್ಟರೆ ಹತ್ತು ಗಿಣಿ ಕುಳಿತ ಹಾಗಿದೆ. ಶಾಲೆಯ ಕೋಣೆ ಸೋರುತ್ತದೆ ಎಂದು ಇವರು ನಮ್ಮ ಪಡಸಾಲೆಯಲ್ಲೇ ಇಡಿಸಿದ್ದಾರೆ.

ಇಲ್ಲಿ ಯುದ್ಧದ ಗದ್ದಲ. ಛತ್ರಿ ಕಟ್ಟಿಕೊಂಡು ವೈರಿಗಳು ಆಕಾಶದಿಂದ ಇಳಿಯುತ್ತಾರೆ, ರೈಲಿನ ಸೇತುವೆ ಹಾರಿಸುತ್ತಾರೆ ಎಂದು ಸುದ್ದಿ. ಅಬ್ದುಲ್ ಗನಿ ಸಾಹೇಬರಿಗೆ ಚಿತ್ತಾಪುರಕ್ಕೆ ವರ್ಗವಾಯಿತು. ಸೇತುವೆ ಕಾಯಲು ಬೇರೆ ಜಿಲ್ಲೆಯಿಂದ ಪೊಲೀಸರು ಬಂದಿದ್ದಾರೆ. ನಮ್ಮ ಕಡೆಯ ಮಾತು ಅವರಿಗೆ ತಿಳಿಯದು, ಅವರ ಕಡೆಯದು ನಮಗೆ. ಇವರು ಹೋಗಿ ಆ ಸಹಿಯ ಕಾಗದದ ನಕಲು ತೋರಿಸಿ ಬಂದರು. ಕೆಂಪು ಮೂತಿ ಇದ್ದರೆ ಶಾಲೆಯದು ಎಂದು ಅವರಿಗೂ ಗೊತ್ತಾಗಿದೆ.

ನಿನ್ನ ಮಗನ ಹುಚ್ಚು ಕೇಳು. ಖಾಕಿಯವರು ಯಾರಾದರೂ 'ಥಮ್' ಎಂದು ಕೂಗಿ ನಿಲ್ಲಿಸಿದರೆ ಓಡಬಾರದು, ನೆಟ್ಟಗೆ ನಿಂತು ಹೆಗಲ ಮೇಲಿನ ಬಂದೂಕು ಇಳಿಸಿ ಎದೆಯ ಮುಂದೆ ಹಿಡಿದು 'ಸಲಾಮಿ ಶಸ್ತ್ರ' ಮಾಡಬೇಕು ಎಂದು ಇವರು ಕಲಿಸಿದ್ದಾರೆ. ಅಂಬಾರಾಯ ಪೋಸ್ಟ್‌ಮನ್‌ಗೂ ಮಾಡುತ್ತಾನೆ. ಅಂಗಳದಲ್ಲಿ ಒನಕೆ ಹಿಡಿದು ನನಗೇ ಮಾಡುತ್ತಾನೆ. "ಅತ್ತಿ, ಒಮ್ಮಿ ಜೋರಾಗಿ ಥಮ್ ಅನ್ನು" ಎಂದು ಒಲೆಯ ಮುಂದಿನಿಂದ ಎಬ್ಬಿಸುತ್ತಾನೆ.

ಖಂಡೇನವಮಿ ಬರುತ್ತಿದೆ. ಮದುವೆಯಾಗಿ ಬಂದಾಗಿನಿಂದ ಈ ಮಾಸ್ತರರ ಮನೆಯಲ್ಲಿ ನಾನು ಪೂಜಿಸಿದ್ದು ಒಂದು ಈಳಿಗೆ, ಒಂದು ಕುಡಗೋಲು. ಈ ವರ್ಷ ನಮ್ಮ ಮನೆತನದ ಕೈಯಿಂದಾದ ಆಯುಧ ಇದೆ. ಬಡಿಗೇರ ಮನೆಯ ಮಗಳು ಎಂದು ತೋರಿಸುತ್ತೇನೆ.

ದ್ರೌಪದಿ


ಚಿಂಚೋಳಿ
೨೬ ಸೆಪ್ಟೆಂಬರ್ ೧೯೬೫

ದ್ರೌಪದಿ,

ಯುದ್ಧ ನಿಂತಿತಂತೆ. ಒಳ್ಳೆಯದಾಯಿತು. ಹುಡುಗನಿಗೆ ಲೆಕ್ಕ ಕಲಿಸಲು ಮಾಸ್ತರರಿಗೆ ಪುರಸೊತ್ತು ಸಿಗಲಿ.

ಪೂಜೆ ಮಾಡು. ಆದರೆ ನೀರು ಸುರಿಯಬೇಡ. ಒಣ ಬಟ್ಟೆಯಿಂದ ಒರೆಸಿ ಅರಿಷಿಣ ಕುಂಕುಮ ಹಚ್ಚಿದರೆ ಸಾಕು. ಮರ ಉಬ್ಬುತ್ತದೆ.

ಹಣಮಪ್ಪ


ತಂತಿ
ವಾಡಿ, ೪ ಅಕ್ಟೋಬರ್ ೧೯೬೫

ಅಂಬಾರಾಯನಿಗೆ ಪೆಟ್ಟು. ವೈನಿಯೊಂದಿಗೆ ಕೂಡಲೇ ಬಾ. ದ್ರೌಪದಿ.


ಚಿಂಚೋಳಿ
೩ ನವೆಂಬರ್ ೧೯೬೫

ದ್ರೌಪದಿ,

ಮಣ್ಣು ಮಾಡಿ ತಿಂಗಳಾಯಿತು. ಅಲ್ಲಿದ್ದ ಹತ್ತು ದಿನದಲ್ಲಿ ನನಗೆ ಯಾರೂ ಏನನ್ನೂ ಸರಿಯಾಗಿ ಹೇಳಲಿಲ್ಲ. ಕೇಳಿದರೆ ಮಾಸ್ತರರು ಹೊರಗೆ ಎದ್ದು ಹೋದರು. ನೀನು ಸೆರಗು ಬಾಯಿಗೆ ಇಟ್ಟುಕೊಂಡೆ. ತಂತಿಯಲ್ಲಿ ಪೆಟ್ಟು ಎಂದು ಬರೆದೆ. ಪೆಟ್ಟು ಎಂದರೆ ಔಷಧ ಹಚ್ಚುವುದು. ಸೇಡಮಿನಲ್ಲಿ ಬಸ್ಸು ತಡವಾದಾಗ ನಿನ್ನ ವೈನಿ ಅವನಿಗೆ ಎಂದು ಮೋಸಂಬಿ ಕೊಂಡಳು. ಆ ಮೋಸಂಬಿಯನ್ನು ಹೆಣದ ಪಕ್ಕದಲ್ಲಿ ಇಟ್ಟುಕೊಂಡು ಕುಳಿತಿದ್ದಳು, ನೋಡಿದೆಯಲ್ಲ.

ಬಂದೂಕಿಗೆ ಕೆಂಪು ಇರಲಿಲ್ಲ ಎಂದು ಪೊಲೀಸರು ಅನ್ನುತ್ತಾರಂತೆ. ಹತ್ತಕ್ಕೂ ನಾನು ಈ ಕೈಯಿಂದ ಹಚ್ಚಿದ್ದೇನೆ. ನೀನು ಕಳಿಸಿದ ಎಣ್ಣೆಬಣ್ಣ, ಕಲ್ಲಿಗೆ ತಿಕ್ಕಿದರೂ ಹೋಗುವುದಲ್ಲ. ಎಲ್ಲಿ ಹೋಯಿತು? ಏನಾಯಿತು ಎಂದು ಬಿಡಿಸಿ ಬರೆ. ನಾನು ಅವನ ಅಪ್ಪ.

ಹಣಮಪ್ಪ


ವಾಡಿ
೧೯ ನವೆಂಬರ್ ೧೯೬೫

ಅಣ್ಣಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಬನ್ನಿ ಮುಡಿಯುವ ದಿನ ಸಂಜೆ ಹತ್ತೂ ಹುಡುಗರು ಖಾಕಿ ಹಾಕಿ, ಬಂದೂಕು ಹೆಗಲಿಗಿಟ್ಟು ಬನ್ನಿ ಗಿಡಕ್ಕೆ ಹೋದರು. ಗಿಡ ರೈಲು ಹಳಿಯ ಆಚೆಗಿದೆ. ಹೋಗುವಾಗ ಇವರು ಮುಂದೆ ಇದ್ದರು, ಏನೂ ಆಗಲಿಲ್ಲ. ಬರುವಾಗ ಇವರು ಹಿರಿಯರಿಗೆ ಬನ್ನಿ ಕೊಡುತ್ತ ಅಲ್ಲೇ ನಿಂತರು. ಹುಡುಗರು ಹತ್ತಿರದ ದಾರಿ ಎಂದು ಸೇತುವೆಯ ಏರಿಯ ಮೇಲೆ ಬಂದರು. ಹೊತ್ತು ಮುಳುಗಲಿಕ್ಕೆ ಬಂದಿತ್ತು. ಕಾವಲಿನ ಪೊಲೀಸ್ ಕೂಗಿದ. ಒಂಬತ್ತು ಹುಡುಗರು ಬಂದೂಕು ಚೆಲ್ಲಿ ಓಡಿದರು. "ಓಡಬ್ಯಾಡ್ರಲೇ! ಮಾಸ್ತರ ಏನ್ ಹೇಳ್ಯಾರ?" ಎಂದು ಅಂಬಾರಾಯ ಕೂಗಿದ್ದನ್ನು ಎಲ್ಲರೂ ಕೇಳಿದ್ದಾರೆ. ಅವನು ನಿಂತ. ನೆಟ್ಟಗೆ ನಿಂತ. ಹೆಗಲಿನಿಂದ ಬಂದೂಕು ಇಳಿಸಿ ಮುಂದೆ ತಂದ. ಸಲಾಮಿ ಮಾಡಲಿಕ್ಕೆ ಅಣ್ಣಾ. ಪೊಲೀಸ್‌ಗೆ ಅದು ಗುರಿ ಇಟ್ಟ ಹಾಗೆ ಕಂಡಿತು. ಒಂದೇ ಗುಂಡು.

ಅಬ್ದುಲ್ ಗನಿ ಸಾಹೇಬರು ಚಿತ್ತಾಪುರದಿಂದ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಅತ್ತರು. "ಗೇಣು ಕೆಂಪ ಕಂಡಿದ್ರ ಅಂವ ಗುಂಡ ಹಾರಸ್ತಿರಲಿಲ್ಲವಾ ತಾಯಿ" ಅಂದರು.

ಕೆಂಪು ಇರಲಿಲ್ಲ. ಹೇಗೆ ಹೋಯಿತೋ ನನಗೆ ತಿಳಿಯದು.

ಈಗ ವಿಚಾರಣೆ ನಡೆದಿದೆ. ಕೆಂಪು ಇರುತ್ತದೆ ಎಂದು ಬರೆದು ಸಹಿ ಮಾಡಿದವರು ಇವರು. ಇವರ ನೌಕರಿ ಹೋಗುತ್ತದೆ, ಮೇಲೆ ಖಟ್ಲೆ ಬೀಳುತ್ತದೆ. ಮಾಡಿದ ಬಡಿಗ್ಯಾ ಬಣ್ಣವನ್ನೇ ಹಚ್ಚಿರಲಿಲ್ಲ, ಹಬ್ಬದ ಗಡಿಬಿಡಿಯಲ್ಲಿ ಮಾಸ್ತರರು ಗಮನಿಸಲಿಲ್ಲ ಎಂದಾದರೆ ಬಿಟ್ಟುಬಿಡುತ್ತಾರಂತೆ. ಒಂಬತ್ತು ಹುಡುಗರೂ ಕೆಂಪು ನೋಡಿಯೇ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ನಿನ್ನದೊಂದು ಸಹಿ ಬೇಕು. ನಿನ್ನನ್ನು ಯಾರೂ ಏನೂ ಮಾಡುವುದಿಲ್ಲ, ಮಗನನ್ನು ಕಳೆದುಕೊಂಡವನು ಎಂದು ವಿಚಾರಣೆಯ ಸಾಹೇಬರೇ ಅಂದಿದ್ದಾರೆ. ಕಾಗದ ಇದರ ಜೊತೆಗಿದೆ.

ದ್ರೌಪದಿ


ಚಿಂಚೋಳಿ
೩೦ ನವೆಂಬರ್ ೧೯೬೫

ದ್ರೌಪದಿ,

ಸಹಿಗೆ ಕಳಿಸಿದ ಕಾಗದ ಓದಿದೆ. 'ಬಾಲಕನು ಸಿಪಾಯಿಯತ್ತ ಬಂದೂಕು ಗುರಿಮಾಡಿದ ಕಾರಣ' ಎಂದು ಎರಡನೆಯ ಸಾಲಿನಲ್ಲಿದೆ. ಅದನ್ನು ನೀನು ನನಗೆ ಬರೆದಿರಲಿಲ್ಲ. ನನ್ನ ಮಗ ಸಲಾಮಿ ಮಾಡಿ ಸತ್ತದ್ದಕ್ಕೆ, ಗುರಿ ಇಟ್ಟು ಸತ್ತ ಎಂದು ನಾನು ಸಹಿ ಮಾಡಬೇಕು. ಒಂಬತ್ತು ಮಕ್ಕಳ ಕೈಯಲ್ಲಿ ಸುಳ್ಳು ಬರೆಸಿದ್ದು ಸಾಲದೇ ನಿಮಗೆ?

ಸೆಪ್ಟೆಂಬರ್ ಹತ್ತನೆಯ ತಾರೀಕಿನ ನಿನ್ನ ಕಾಗದ ನನ್ನ ಬಳಿ ಇದೆ. ಕರಿ ನಳಿಗೆ, ಕೆಂಪು ಮೂತಿ, ಗಿಣಿಯ ಕೊಕ್ಕು. ನಿನ್ನದೇ ಅಕ್ಷರ. ಅದನ್ನು ವಿಚಾರಣೆಯ ಸಾಹೇಬರಿಗೆ ರಿಜಿಸ್ಟರ್ ಮಾಡಿ ಕಳಿಸುತ್ತೇನೆ. ನಿನ್ನ ಗಂಡ ಜೇಲಿಗೆ ಹೋಗಲಿ, ಮನೆ ಮಾರಿಕೊಳ್ಳಲಿ, ನನಗೆ ಅದರ ಸಂಬಂಧವಿಲ್ಲ.

ಹಣಮಪ್ಪ


ವಾಡಿ
೧೪ ಡಿಸೆಂಬರ್ ೧೯೬೫

ಅಣ್ಣಾ,

ಕಳಿಸು. ಆಮೇಲೆ ಸಾಹೇಬರು ನಿನ್ನನ್ನು ಎದುರಿಗೆ ನಿಲ್ಲಿಸಿ ಕೇಳುತ್ತಾರೆ: ಎಣ್ಣೆಬಣ್ಣ ಹಚ್ಚಿದ್ದರೆ ಆರು ವಾರದಲ್ಲಿ ಹೇಗೆ ಹೋಯಿತು? ಆಗ ಏನು ಹೇಳುತ್ತೀ?

ನಾನು ಬಡಿಗೇರ ಮಗಳು. ಜಾಜಿನ ಬಣ್ಣ ನನಗೆ ತಿಳಿಯುವುದಿಲ್ಲವೇ? ಎಣ್ಣೆಬಣ್ಣ ಹೊಳೆಯುತ್ತದೆ, ಜಾಜು ಮಂಕಾಗಿರುತ್ತದೆ. ಗೋಣಿ ಬಿಚ್ಚಿದ ದಿನವೇ ತಿಳಿಯಿತು. ನೀನು ನೊಂದುಕೊಳ್ಳುತ್ತೀ ಎಂದು ಆಗ ಬರೆಯಲಿಲ್ಲ. ಬೇಡ ಎಂದು ಬರೆದು, ಡಬ್ಬಿ ಕಳಿಸಿ, ಅಷ್ಟಾದರೂ ನೀನು ಗೆರೆ ಹಾಕುವ ಕೆಮ್ಮಣ್ಣು ಬಳಿದೆ. ಹುಡುಗರ ಕೈಬೆವರಿಗೆ, ಇಬ್ಬನಿಗೆ ಅದು ಉದುರಿ ಹೋಯಿತು. ಇಷ್ಟು ದಿನ ನಿನ್ನ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ನೀನು ನನ್ನ ಗಂಡನನ್ನು ಜೇಲಿಗೆ ಕಳಿಸಲು ಹೊರಟಿದ್ದೀ.

ವೈನಿಗೆ ಇದು ಗೊತ್ತಿಲ್ಲ ಅಲ್ಲವೇ? ಮಗನ ಬಂದೂಕಿಗೆ ಅಪ್ಪ ಏನು ಹಚ್ಚಿದ್ದ ಎಂದು ನಾನು ಅವಳಿಗೆ ಬರೆಯಬೇಕೋ ಬೇಡವೋ, ನೀನೇ ಹೇಳು. ಅವಳಿಗೆ ಓದಲು ಬರುವುದಿಲ್ಲ ಎಂದು ಧೈರ್ಯ ಇಟ್ಟುಕೊಳ್ಳಬೇಡ. ಮಶಾಕನನ್ನು ಕಳಿಸಿ ಬಾಯಲ್ಲೇ ಹೇಳಿಸುತ್ತೇನೆ.

ಕಾಗದದ ಕೆಳಗೆ ಎಡಗಡೆ ಸಹಿಯ ಜಾಗವಿದೆ.

ದ್ರೌಪದಿ


ವಾಡಿ
೨೫ ಜನವರಿ ೧೯೬೬

ಅಣ್ಣಾ,

ಸಹಿಯ ಕಾಗದ ಮುಟ್ಟಿತು. ಜೊತೆಗೆ ನೀನು ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಇವರನ್ನು ಬಿಟ್ಟರು. ಆ ಪೊಲೀಸನನ್ನೂ ಬಿಟ್ಟರು, ತಪ್ಪಿಲ್ಲ ಎಂದು. ಇವರಿಗೆ ಹೆಡ್‌ಮಾಸ್ತರ ಎಂದು ಸೇಡಮಿನ ಕಡೆ ವರ್ಗವಾಗಿದೆ. ಅಲ್ಲಿಯೂ ಕವಾಯತು ಇದೆಯಂತೆ. ಬಂದೂಕಿನ ಮಾತು ಎತ್ತಬೇಡಿ ಎಂದು ಹೇಳಿದ್ದೇನೆ.

ಡಿಸೆಂಬರಿನಲ್ಲಿ ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನಾವು ಇಬ್ಬರೇ ಒಡಹುಟ್ಟಿದವರು. ವೈನಿಗೆ ಏನೂ ಹೇಳುವುದಿಲ್ಲ. ಅಂಬಾರಾಯನ ಬಟ್ಟೆ, ಬಂದೂಕು ಎಲ್ಲ ಪೊಲೀಸರ ಹತ್ತಿರ ಇವೆ. ಕೆಲಸ ಮುಗಿದ ಮೇಲೆ ನಿನಗೇ ಕೊಡುತ್ತಾರಂತೆ. ತರಬೇಡ ಅಣ್ಣಾ. ನೋಡಿ ಸಂಕಟಪಡಬೇಡ.

ದ್ರೌಪದಿ


ಚಿಂಚೋಳಿ
೨೦ ಜುಲೈ ೧೯೬೬

ದ್ರೌಪದಿ,

ಬಂದೂಕು ತಂದೆ. ತರಬೇಡ ಎಂದು ನೀನು ಬರೆದದ್ದು ಯಾಕೆ ಎಂದು ಈಗ ತಿಳಿಯಿತು.

ಹೋದ ತಿಂಗಳು ಪೊಲೀಸರು ಕರೆಸಿ ಒಂದು ಗಂಟು ಕೊಟ್ಟರು. ಖಾಕಿ ಅಂಗಿ, ಬೆಲ್ಟು, ಮೂರನೆಯ ಬಂದೂಕು. ಅಂಗಿಯ ಜೇಬಿನಲ್ಲಿ ಒಣಗಿದ ಬನ್ನಿ ಎಲೆ ಒಂದು ಹಿಡಿ ಇತ್ತು. ಯಾರಿಗೆ ಕೊಡಲಿಕ್ಕೆ ಇಟ್ಟುಕೊಂಡಿದ್ದನೋ. ಮನೆಗೆ ತರದೆ ಅಂಗಡಿಯಲ್ಲಿ ಕುಳಿತು ಬಂದೂಕನ್ನು ನೋಡಿದೆ. ನನ್ನ ಕೆಲಸ, ನನಗೆ ಬೇರೆ ಯಾರೂ ಓದಿ ಹೇಳಬೇಕಾಗಿಲ್ಲ. ಹಿಡಿ ಕೂಡುವ ಸಂದಿಯಲ್ಲಿ ಬೂದಿ ಇತ್ತು. ತಿಕ್ಕಿ ತೊಳೆಯುವ ಒಲೆಯ ಬೂದಿ. ಮೂತಿಯ ಹತ್ತಿರ ಅರಿಷಿಣದ ನೂಲಿನ ಕಂಕಣ. ಮೂರು ಸುತ್ತು, ಎಡಕ್ಕೆ ಎಳೆದ ಗಂಟು. ಅವ್ವನ ಗಂಟು. ಆಯುಧ ತೊಳೆದು ತೇವ ಆರುವ ಮೊದಲೇ ಕಟ್ಟಬೇಕು ಎಂದು ಅವ್ವ ಇಬ್ಬರಿಗೂ ಕಲಿಸಿದ್ದಳು. ನೀನು ಕಲಿತ ಹಾಗೆಯೇ ಮಾಡಿದ್ದೀ. ಗಂಟು ಬಿಚ್ಚಿದೆ. ನೂಲಿನ ಒಳಮಗ್ಗುಲು ಹಳದಿ ಉಳಿದಿಲ್ಲ. ಜಾಜು ಕುಡಿದು ಕೆಂಪಾಗಿದೆ.

ಕೈಬೆವರು ಅಂದೆ. ಇಬ್ಬನಿ ಅಂದೆ. ಖಂಡೇನವಮಿಯ ದಿನ ಹತ್ತೂ ಬಂದೂಕನ್ನು ನೀನು ಬೂದಿ ಹಚ್ಚಿ ತಿಕ್ಕಿ ತೊಳೆದೆ. ಜಾಜು ಎಂದು ಗೊತ್ತಿದ್ದೇ ತೊಳೆದೆ. ನೀರು ಕೆಂಪಾಗಿ ಹರಿದದ್ದನ್ನು ನೋಡಿಯೂ ಮರುದಿನ ಹೆಗಲಿಗೆ ಇಟ್ಟು ಕಳಿಸಿದೆ. ಬಡಿಗೇರ ಮಗಳು ಎಂದು ಓಣಿಗೆ ತೋರಿಸಬೇಕಿತ್ತಲ್ಲ.

ಈಗ ನನ್ನದು. ಮಶಾಕನ ಕೈಯಲ್ಲಿ ನಿನ್ನ ಡಬ್ಬಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ಮುಚ್ಚಳವನ್ನೇ ತೆಗೆದಿಲ್ಲ, ನೋಡಿಕೊ. ಸಿಗ್ನಲ್ ಕಂಬಕ್ಕೆ ಬಳಿಯುವ ಬಣ್ಣವನ್ನು ಆ ತೇಗದ ಪಕ್ಕಕ್ಕೆ ತರಲು ನನಗೆ ಮನಸ್ಸಾಗಲಿಲ್ಲ. ಕವಾಯತು ಮುಗಿದ ಮೇಲೆ ತೊಳೆದರೆ ನನ್ನ ಕೆಲಸ ಮೊದಲಿನ ಹಾಗೆ ಕಾಣಲಿ ಎಂದು ಜಾಜು ಹಚ್ಚಿದೆ. ನೀರು ಸುರಿಯಬೇಡ ಎಂದು ಬರೆದೆ, ಯಾಕೆ ಎಂದು ಬರೆಯಲಿಲ್ಲ. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆ ಒಂದು ಸಾಲಿಗೆ ನಾಚಿಕೆಪಟ್ಟೆ. ಮಗನಿಗಿಂತ ನನಗೆ ನನ್ನ ಕೈಕೆಲಸ ಹೆಚ್ಚಾಗಿತ್ತು. ಇದನ್ನು ನಾನೇ ಬರೆಯುತ್ತಿದ್ದೇನೆ, ನೀನು ಯಾರಿಗೂ ಹೇಳಿಸಬೇಕಾಗಿಲ್ಲ.

ನೂಲು, ನಿನ್ನ ಗಿಣಿಯ ಕಾಗದ, ಎರಡನ್ನೂ ಉಳಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಸಾಹೇಬರಿಗೆ ಕಳಿಸುವುದಿಲ್ಲ. ಕಳಿಸಿದರೆ ನನ್ನ ಸಹಿ ಸುಳ್ಳು ಎಂದು ನಾನೇ ಹೇಳಿದಂತಾಗುತ್ತದೆ. ಅಮೃತಮ್ಮನಿಗೂ ಹೇಳಲಾರೆ. ನಿನ್ನದು ಹೇಳಿದರೆ ನನ್ನದೂ ಹೇಳಬೇಕು.

ಅವಳಿಗೆ ಏನೂ ಗೊತ್ತಿಲ್ಲ. ದಿನಾ ಸಂಜೆ ನಿನ್ನ ಹೆಸರು ಹೇಳುತ್ತಾಳೆ. "ನನ್ ಮಗಗ ಕಡೀ ತುತ್ತು ಹಾಕಿದ ಕೈ ಅದು. ಅತ್ತಿ ಮನ್ಯಾಗ ಅಂವ ರಾಜಾನಂಗ ಇದ್ದ. ಪಂಚಮಿಗಿ ದ್ರೌಪದಿನ್ನ ತಪ್ಪದ ಕರಕೊಂಡು ಬರ್ರಿ" ಅನ್ನುತ್ತಾಳೆ. ಈಗಲೇ ಶೇಂಗಾ ಸುಲಿದು ಇಟ್ಟಿದ್ದಾಳೆ. ನಿನಗೆ ಉಡಿ ತುಂಬಲು ಹಸಿರು ಇಳಕಲ್ ಸೀರೆ ತರಿಸಿದ್ದಾಳೆ.

ನೀನು ಬರಬೇಕು. ಮೈ ಸರಿಯಿಲ್ಲ, ಮಾಸ್ತರರು ಬಿಡಲಿಲ್ಲ ಎಂದು ಕಾಗದ ಬರೆಯಬೇಡ. ಈ ವರ್ಷ ಬರಬೇಕು, ಬರುವ ವರ್ಷವೂ ಬರಬೇಕು, ಅವಳು ಬದುಕಿರುವತನಕ ಬರಬೇಕು. ಅವಳು ಉಂಡಿ ಮುರಿದು ತನ್ನ ಕೈಯಿಂದ ನಿನ್ನ ಬಾಯಿಗೆ ಇಡುತ್ತಾಳೆ. ನೀನು ನುಂಗಬೇಕು. ನಾನು ಎದುರಿಗೆ ಕುಳಿತಿರುತ್ತೇನೆ. ನನ್ನ ಬಾಯಿಗೂ ಇಡುತ್ತಾಳೆ.

ಹಣಮಪ್ಪ